ಹಸಿರು ಸ್ವೆಟರಿನ ಹಾಜರಿ

ಟಕ್ ಟಕ್, ಮತ್ತೆ ಕುಟ್ಟಿದರು ಅಧ್ಯಕ್ಷರು, ಮೈಕು ಕೆಲಸ ಮಾಡುತ್ತಿದೆಯೇ ಎಂದು ನೋಡುವುದಕ್ಕಲ್ಲ, ತಾವು ಕೆಲಸ ಮಾಡುತ್ತಿದ್ದೇವೆ ಎಂದು ತೋರಿಸುವುದಕ್ಕೆ, ಮೈಕಿನ ತಲೆಗೆ ಹಳದಿ ಸ್ಪಂಜಿನ ಕುಲಾವಿ, ಶೀತವಾದ ಕೂಸಿಗೆ ತೊಡಿಸಿದ ಹಾಗೆ, ಅದರ ಹಿಂದೆ ಆ ಮುಖ, ಎರಡು ರೆಪ್ಪೆಯೂ ಅರ್ಧಕ್ಕೆ ಇಳಿದು ನಿಂತುಬಿಟ್ಟಿವೆ, ಅಂಗಡಿಯವನು ಷಟರ್ ಅರ್ಧ ಎಳೆದು ಎಲ್ಲೋ ಹೊರಟುಹೋದ ಹಾಗೆ, ಅಧ್ಯಕ್ಷರಲ್ಲ ಇವರು, ಅರ್ಧಾಕ್ಷರು — ಅಂದರೆ, ಅಂದರೆ, ಈ ದಿನ ನಾವು ಈ ಪಬ್ಬಿನ, ಅಂದರೆ, ಮದ್ಯ ಮಾರುವ ಪರವಾನಗಿಯ ಮರುಪರಿಶೀಲನೆ, ಅಂದರೆ, ಮತ್ತೊಮ್ಮೆ ಪರಿಶೀಲಿಸೋದು — ಪ್ರತಿ ಅಂದರೆಗೂ ಗಂಟಲಲ್ಲಿ ಒಂದು ಕೊಸರು, ಹಳೇ ಸೈಕಲ್ಲಿನ ಚೈನು ಹಲ್ಲು ತಪ್ಪಿ ಹಲ್ಲಿಗೆ ಬೀಳುವ ಸದ್ದು, ನಾಲಗೆಯನ್ನು ಅಂಗುಳಕ್ಕೆ ಒತ್ತಿ ಮೂಗಿನಿಂದ ಬಿಟ್ಟರೆ ನನಗೂ ಬರುತ್ತದೆ, ಬಂದೇ ಬಿಟ್ಟಿತು, ಬಾಯಿ ಮುಚ್ಚಿಕೊಂಡೇ, ಪಕ್ಕದಲ್ಲಿ ಗಂಡ ಮೊಣಕೈಯಿಂದ ತಿವಿದ, ಏಯ್ ಸುಮ್ನಿರೇ, ಇದು ನಿನ್ನ ಕಾಲೇಜಿನ ಸ್ಟೇಜಲ್ಲ. ಗೊತ್ತು ಮಹಾರಾಯ, ಸ್ಟೇಜಿನ ಮುಂದೆ ಜನ ಎಚ್ಚರವಾಗಿರುತ್ತಾರೆ. ಸಮಿತಿಯಂತೆ, ಸ-ಮಿತಿ, ತಮ್ಮ ಮಿತಿಯನ್ನು ಹೆಸರಿನಲ್ಲೇ ಒಪ್ಪಿಕೊಂಡವರು, ಎಡಕ್ಕೆ ನಿವೃತ್ತ ಹಲ್ಲಿನ ಡಾಕ್ಟರು, ಯಾರು ಬಾಯಿ ತೆರೆದರೂ ಮಾತು ಕೇಳುವುದಿಲ್ಲ, ದವಡೆ ನೋಡುತ್ತಾರೆ, ಬಲಕ್ಕೆ ಮುತ್ತಿನ ಓಲೆಯ ಹೆಂಗಸು, ಪೆನ್ನಿನ ಮುಚ್ಚಳ ತೆಗೆಯುತ್ತಾಳೆ ಹಾಕುತ್ತಾಳೆ ತೆಗೆಯುತ್ತಾಳೆ, ಬಂದು ಕೂತಾಗಿನಿಂದ ಒಂದಕ್ಷರ ಬರೆದಿಲ್ಲ, ಮತ್ತೆ ಮೈಕು, ಒಬ್ಬ ಗಿರಾಕಿ ಬಿದ್ದು ಪೆಟ್ಟಾಗಿ ನಿರ್ವಹಣೆಯ ಬಗ್ಗೆ ಆಕ್ಷೇಪಗಳು ಬಂದಿರುವುದರಿಂದ, ಅಂದರೆ — ನಿರ್ವಹಣೆ! ನಿರ್ ಅಂದರೆ ಇಲ್ಲ, ವಹಣೆ ಅಂದರೆ ವಹಿಸಿಕೊಳ್ಳುವುದು, ಯಾರೂ ಏನನ್ನೂ ವಹಿಸಿಕೊಳ್ಳದೇ ಇರುವುದಕ್ಕೆ ನಿರ್ವಹಣೆ ಅನ್ನುವುದಾದರೆ ನಮ್ಮ ಪಬ್ಬಿನಷ್ಟು ಶುದ್ಧ ನಿರ್ವಹಣೆ ಊರಿನಲ್ಲೇ ಇಲ್ಲ, ಬಹುಮಾನ ಕೊಡಿ ಅರ್ಧಾಕ್ಷರೇ, ರದ್ದು ಯಾಕೆ ಮಾಡ್ತೀರಿ. ನನ್ನ ಕೆಲಸ ಮಾತ್ರ ಸುಲಭ, ವಕೀಲ ಹೇಳಿಕೊಟ್ಟಿದ್ದಾನೆ, ಮೂರೇ ವಾಕ್ಯ, ಶಾಲೆಯ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿದ ಹಾಗೆ ಕಾರಿನಲ್ಲಿ ದಾರಿಯುದ್ದಕ್ಕೂ ಹೇಳಿಸಿದ, ನಾನು ಅಲ್ಲೇ ಇದ್ದೆ, ಆ ಕಡೆ ಹೋಗಬೇಡಿ ಅಂತ ನಾನೇ ಅವರಿಗೆ ಹೇಳಿದೆ, ಅವರು ಕುಡಿದಿದ್ದರು ಕೇಳಲಿಲ್ಲ, ಅಷ್ಟೇ ಮೇಡಮ್ಮೋರೇ, ಅಷ್ಟಂದ್ರೆ ಒಂದು ಎಚ್ಚರಿಕೆ ಕೊಟ್ಟು ಬಿಟ್ಬಿಡ್ತಾರೆ, ಬಾಗಿಲಿಗೆ ಬೀಗ ಬೀಳಲ್ಲ, ಬಿದ್ದೋನು ತನ್ನ ಪಾಡಿಗೆ ತಾನು ಬಿದ್ದ ಅಂತ ಆಗತ್ತೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಬೆಣ್ಣೆ ಯಾರು ಕೂದಲು ಯಾರು ಎಂದು ನಾನು ಕೇಳಲಿಲ್ಲ, ಅವನ ತಲೆಯಲ್ಲಿ ಎರಡೂ ಇಲ್ಲ.

ಮತ್ತೆ ನಾನೇ ಯಾಕೆ ಹೇಳಬೇಕು ಅಂದರೆ ಪರವಾನಗಿ ನನ್ನ ಹೆಸರಲ್ಲಿದೆ. ಗಂಡನ ಹೆಸರಲ್ಲಿ ಹಿಂದೊಂದು ಇತ್ತು, ಪೇಟೆಯ ಆ ತುದಿಯಲ್ಲಿ, ಅದನ್ನು ಇದೇ ಮೇಜಿನ ಹಿಂದೆ ಕೂತ ಬೇರೆ ಮೂವರು ಕಿತ್ತುಕೊಂಡರು, ಆಮೇಲೆ ಒಂದು ಬೆಳಿಗ್ಗೆ ಮುಖಕ್ಷೌರದ ನೊರೆಯಲ್ಲೇ ಬಂದು ನಿಂತ, ಕೇಳಿಲ್ಲಿ, ನಿನ್ನ ಹೆಸರು ಕ್ಲೀನಾಗಿದೆ ಕಣೇ. ಆಗದೇ ಇನ್ನೇನು, ಬಳಸಿಯೇ ಇರಲಿಲ್ಲ, ಶೋಕೇಸಿನ ಪಿಂಗಾಣಿ ಬಟ್ಟಲಿನ ಹಾಗೆ ಕಾಲೇಜು ಬಿಟ್ಟಾಗಿನಿಂದ ಹಾಗೇ ಇತ್ತು. ಹೆಸರು ತೆಗೆದುಕೊಂಡು ಹೋದ, ಬಾಗಿಲ ಮೇಲೆ ಸಣ್ಣ ಅಕ್ಷರದಲ್ಲಿ ಬರೆಸಿದ, ಬಿಯರ್ ಕಂಪನಿಯ ಬೋರ್ಡಿನ ನೆರಳಲ್ಲಿ. ಸರಿ, ಹಾಗಾದ್ರೆ ನಾನೂ ಬಂದು ಕೂತ್ಕೋತೀನಿ ಕೌಂಟರಲ್ಲಿ ಅಂದೆ. ಛೇ ಛೇ, ಹೆಂಗಸ್ರು ಬಂದು ಕೂತ್ರೆ ಗಿರಾಕಿಗಳಿಗೆ ಮುಜುಗರ ಆಗತ್ತೆ, ಅಡ್ಜಸ್ಟ್ ಮಾಡ್ಕೋ. ಅಡ್ಜಸ್ಟ್ ಎನ್ನುವಾಗ ಅವನ ಕೆಳತುಟಿ ಒಂದಿಷ್ಟು ಹೊರಗೆ ಬರುತ್ತದೆ, ಅಂಚೆಪೆಟ್ಟಿಗೆಯ ಬಾಯಿಯ ಹಾಗೆ, ಒಳಗೆ ಹಾಕಿದ್ದೆಲ್ಲ ಹಾಕಿದವರಿಗೆ ವಾಪಸ್ಸು ಬರುವುದಿಲ್ಲ. ಗಂಡನಿಂದ ಅಂತರ ಕಾಪಾಡಿಕೊಂಡರೆ ಗಂಡಾಂತರ ಇಲ್ಲ ಎಂದುಕೊಂಡು ಮನೆಯಲ್ಲೇ ಉಳಿದೆ, ಉದ್ಘಾಟನೆಯ ದಿನ ಒಮ್ಮೆ ಹೋಗಿದ್ದೆ ಅಷ್ಟೆ, ಚಳಿ ಎಂದು ಹಸಿರು ಸ್ವೆಟರು ಹಾಕಿಕೊಂಡು, ಒಳಗೆ ಸೆಖೆ ಎಂದು ಬಿಚ್ಚಿ ಕೌಂಟರಿನ ಕೊನೆಯ ಎತ್ತರದ ಕುರ್ಚಿಯ ಬೆನ್ನಿಗೆ ನೇತುಹಾಕಿ, ಮರೆತು ಬಂದೆ. ಅದೇ ನನ್ನ ವೃತ್ತಿಜೀವನ. ಪರವಾನಗಿ ಯಾರ ಹೆಸರಲ್ಲಿದೆಯೋ ಅವರು ವ್ಯಾಪಾರದ ಹೊತ್ತಿನಲ್ಲಿ ಸ್ಥಳದಲ್ಲಿ ಇರತಕ್ಕದ್ದು ಎಂದು ನಿಯಮ, ಮೊದಲ ಸಲ ಇನ್ಸ್‌ಪೆಕ್ಟರು ಬಂದು ಎಲ್ರೀ ಮೇಡಮ್ಮು ಎಂದು ಕೇಳಿದಾಗ ಮೈದುನನಿಗೆ, ಹುಟ್ಟಿದಾಗಿನಿಂದ ಒಂದು ಲೋಟ ಎತ್ತಿ ಇಡದ ನನ್ನ ಮೈದುನನಿಗೆ, ಒಂದು ಸಲ, ಒಂದೇ ಒಂದು ಸಲ ತಲೆ ಓಡಿತು, ಈಗ್ತಾನೇ ಎದ್ದು ಹೋದ್ರು ಸಾರ್, ನೋಡಿ, ಸ್ವೆಟರ್ ಇಲ್ಲೇ ಇದೆ. ಇನ್ಸ್‌ಪೆಕ್ಟರು ನೋಡಿದ, ಸ್ವೆಟರ್ ಇತ್ತು, ಒಪ್ಪಿದ, ಒಪ್ಪುವುದಕ್ಕೇ ಬಂದವನಿಗೆ ಒಂದು ಗುಂಡಿ ತೋರಿಸಿದ್ದರೂ ಸಾಕಿತ್ತು. ಅವತ್ತಿನಿಂದ ಅದು ಪದ್ಧತಿ. ಮೊದಲು ದೀಪ, ಆಮೇಲೆ ಕೌಂಟರು ಒರೆಸುವುದು, ಆಮೇಲೆ ಕಪಾಟಿನಿಂದ ಸ್ವೆಟರು ತೆಗೆದು ಕುರ್ಚಿಗೆ ಹಾಕುವುದು, ಆಮೇಲೆ ಬಾಗಿಲು. ಬೇಸಿಗೆಯಲ್ಲೂ. ಗಿರಾಕಿಗಳು ಅದಕ್ಕೆ ನಮಸ್ಕಾರ ಹೇಳುತ್ತಿದ್ದರಂತೆ, ಮೇಡಮ್ಮು ಸ್ವಲ್ಪ ಇಳಿದುಹೋಗಿದಾರಲ್ಲ, ಏನು ಹುಷಾರಿಲ್ವಾ. ಒಗೆಯುವುದಕ್ಕೆ ಮನೆಗೆ ತಂದ ದಿನ ಬದಲಿಗೆ ಅತ್ತೆಯ ಬೂದು ಶಾಲು ಕೂತಿತ್ತು, ಅವತ್ತು ಪಬ್ಬಿನಲ್ಲಿ ಗಲಾಟೆ ಕಮ್ಮಿಯಿತ್ತಂತೆ, ಅತ್ತೆಯ ಪ್ರಭಾವ ಉಣ್ಣೆಯಲ್ಲೂ ಇಳಿದಿರುತ್ತದೆ. ಇದನ್ನೆಲ್ಲ ಊಟದ ಮೇಜಿನಲ್ಲಿ ಹೇಳಿಕೊಂಡು ನಗುತ್ತಿದ್ದರು ಅಣ್ಣತಮ್ಮಂದಿರು, ನಾನೂ ನಕ್ಕೆ, ನಗದಿದ್ದರೆ ಹೇಗೆ, ಮಾಲೀಕಳಿಗಿಂತ ಮಾಲೀಕಳ ಬಟ್ಟೆಗೆ ಹಾಜರಾತಿ ಜಾಸ್ತಿ ಇರುವ ಸಂಸ್ಥೆ ಲೋಕದಲ್ಲಿ ಇನ್ನೊಂದಿಲ್ಲ.

ಈಗ ಟೈಲರು ಎದ್ದ, ಪಬ್ಬಿನ ಮಹಡಿ ಮೇಲೆ ಅವನ ಹೊಲಿಗೆ ಅಂಗಡಿ, ಆಕ್ಷೇಪ ಬರೆದುಕೊಟ್ಟವರಲ್ಲಿ ಮೊದಲಿಗ, ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡು ಕಚ್ಚಿಕೊಂಡು ಸೂಜಿ ಇಲ್ಲದಾಗಲೂ ಹಲ್ಲಿನ ಸಂದಿಯಲ್ಲೇ ಮಾತಾಡುತ್ತಾನೆ, ಸಂಜೆಯಾದ್ರೆ ಸ್ವಾಮಿ, ನಮ್ ನೆಲ ಅದುರತ್ತೆ, ಕತ್ತರಿ ಹಾಕಿದ್ ಕಡೆ ಹೋಗಲ್ಲ, ಕಾಲರ್ ಕತ್ತರಿಸೋಕೆ ಹೋದ್ರೆ ತೋಳು ಬರತ್ತೆ — ಹಲ್ಲಿನ ಡಾಕ್ಟರು ಮುಂದಕ್ಕೆ ಬಾಗಿ ನೋಡುತ್ತಿದ್ದಾರೆ, ಸಿಕ್ಕಿತು ಅವರಿಗೆ ಬೇಕಾದ ದವಡೆ. ಇವನದು ಸುಲಭ, ತುಟಿ ಅಲ್ಲಾಡಿಸದೆ ಸಕಾರಗಳನ್ನೆಲ್ಲ ಸೋರಲು ಬಿಟ್ಟರೆ ಆಯಿತು. ಅವತ್ತು ದಬಾರ್ ಅಂತ ಸದ್ದಾಯ್ತು ಸ್ವಾಮಿ, ಬಯ್ಯೋಣ ಅಂತ್ಲೇ ಕೆಳಗಿಳಿದೆ, ನೋಡಿದ್ರೆ ಈ ಮೊದಲನೇ ಸಾಲಲ್ಲಿರೋ ಯಜಮಾನ್ರು ನೆಲಮಾಳಿಗೇಲಿ ಬಿದ್ದಿದಾರೆ, ನಾನು ಕುರ್ಚಿ ಮೇಲಿದ್ದ — ಅಂದರೆ, ಅಂದರೆ, ತಾವು ಶಬ್ದದ ಬಗ್ಗೆ ಮಾತ್ರ ಆಕ್ಷೇಪ ಕೊಟ್ಟಿರೋದು, ಶಬ್ದದ ವಿಷಯ ಮಾತ್ರ ಹೇಳಿ. ಕೂರಿಸಿಬಿಟ್ಟರು. ಒಬ್ಬ ಮನುಷ್ಯನಿಗೆ ಬಾಯಿಗೆ ಬಂದ ನಿಜವನ್ನು ವಿಷಯಾಂತರ ಎಂದು ವಾಪಸ್ಸು ನುಂಗಿಸಿದರು, ಅವನೂ ನುಂಗಿದ, ಸೂಜಿ ನುಂಗಿದವರ ಮುಖ ಮಾಡಿಕೊಂಡು. ಅವರು ಬಿದ್ದದ್ದು ಹೇಗೆ ಎನ್ನುವುದು ಗುಟ್ಟೇನಲ್ಲ, ನಮ್ಮನೆಯಲ್ಲಿ ಎಲ್ಲರಿಗೂ ಗೊತ್ತು. ಗಿರಾಕಿಗಳ ಶೌಚಾಲಯದಲ್ಲಿ ಖಾಲಿ ಕ್ರೇಟು ಪೇರಿಸಿ ಉಗ್ರಾಣ ಮಾಡಿದವನು ಗಂಡ, ಅದರಿಂದ ಎಲ್ಲರೂ ಕೌಂಟರಿನ ಹಿಂದಿನ ಓಣಿಯಿಂದ ಹಿತ್ತಿಲಿಗೆ ಹೋಗಿಬರುವುದು ರೂಢಿಯಾಯಿತು, ಆ ಓಣಿಯ ನೆಲದಲ್ಲೇ ನೆಲಮಾಳಿಗೆಯ ಮುಚ್ಚಳ, ಅವತ್ತು ಅದನ್ನು ಎತ್ತಿ ಗೋಡೆಗೊರಗಿಸಿ ಬಾಟಲಿ ತರಲು ಇಳಿಯಬೇಕಾದವನು ಮೈದುನ, ಅಷ್ಟರಲ್ಲಿ ಟೀವಿಯಲ್ಲಿ ಯಾರೋ ಗೋಲು ಹೊಡೆದರು, ಇಳಿಯುವವನು ಹಾಗೇ ಟೀವಿಯ ಕಡೆ ಹೋದ, ತೂತು ಅಲ್ಲೇ ಬಾಯಿ ಬಿಟ್ಟುಕೊಂಡಿತ್ತು, ಅಂಚೆಪೆಟ್ಟಿಗೆ. ಬಿದ್ದವರು ನಿಂಬೆ ಸೋಡಾ ಕುಡಿಯುವವರು. ಗಂಡನೇ ಮನೆಗೆ ಬಂದು ಬೂಟು ಬಿಚ್ಚುತ್ತ ಹೇಳಿದ, ಊರಿನ ಕುಡುಕರೆಲ್ಲ ಆ ಓಣೀಲಿ ತೂರಾಡ್ಕೊಂಡು ಹೋಗಿ ಬಂದಿದಾರೆ ಕಣೇ, ಒಬ್ಬನೂ ಬೀಳ್ಲಿಲ್ಲ, ಸೋಡಾ ಬಿಟ್ಟು ಏನೂ ಮುಟ್ಟದೋನು, ಹರಟೆಗೆ ಬರೋನು, ಅವನೇ ಬೀಳ್ಬೇಕಾ, ನಮ್ಮ ಗ್ರಹಚಾರ. ನಮ್ಮದಂತೆ ಗ್ರಹಚಾರ, ಬಿದ್ದದ್ದು ಅವರು. ಇನ್ಸ್‌ಪೆಕ್ಟರು ಓಡಿ ಬಂದು ಎಲ್ರೀ ಮೇಡಮ್ಮು ಎಂದು ಕೇಳಿದರೆ ಎಲ್ಲರೂ ಅಭ್ಯಾಸಬಲದಿಂದ ಕುರ್ಚಿಯ ಕಡೆ ಕೈ ತೋರಿಸಿದರಂತೆ, ಕುರ್ಚಿ ಖಾಲಿ. ಬೈಯಲು ಬಂದ ಟೈಲರು ಕೈಗೆ ಸಿಕ್ಕ ಬಟ್ಟೆ ಎಳೆದುಕೊಂಡು ಕೆಳಗಿಳಿದಿದ್ದ, ಸ್ವೆಟರು ನೆಲಮಾಳಿಗೆಯಲ್ಲಿ ಆ ತಲೆಯ ಕೆಳಗೆ ಇತ್ತು. ಇಷ್ಟು ವರ್ಷದಲ್ಲಿ ಆ ಸ್ವೆಟರು ಮಾಡಿದ ಒಂದೇ ಕೆಲಸ, ಅದು ಕೆಲಸ ಮಾಡಿದ ದಿನವೇ ನಾನು ಗೈರುಹಾಜರು.

ಆ ತಲೆ ಈಗ ಮೊದಲ ಸಾಲಿನಲ್ಲಿದೆ, ಬಲಕ್ಕೆ ವಾಲಿಕೊಂಡು, ಹೊಸದಾಗಿ ಬೆಳೆದ ಬಿಳಿ ಕೂದಲಿನ ನಡುವೆ ಹೊಲಿಗೆಯ ದಾರಿ, ಪಕ್ಕದಲ್ಲಿ ಅವರ ಹೆಂಡತಿ, ನೀಲಿ ಅಂಚಿನ ಕರವಸ್ತ್ರ, ತುಟಿಯ ಬಲತುದಿಯಲ್ಲಿ ಜೊಲ್ಲು ಇಳಿಯುತ್ತದೆ, ಆಕೆ ಒರೆಸುತ್ತಾಳೆ, ಕೈ ಮಡಿಲಿಗೆ, ಮತ್ತೆ ಇಳಿಯುತ್ತದೆ, ಒರೆಸುತ್ತಾಳೆ, ಮಡಿಲಿಗೆ. ಚೆನ್ನಾಗಿ ಕಲಿಸಿದ್ದಾರೆ. ಅವರ ವಕೀಲನೂ ನಮ್ಮವನ ಹಾಗೇ ಕಾರಿನಲ್ಲಿ ಹೇಳಿಕೊಟ್ಟಿರಬೇಕು, ಅಮ್ಮಾ, ಸಮಿತಿಯೋರು ನಿಮ್ಮ ಕಡೆ ನೋಡಿದಾಗ ಒಂದ್ಸಲ ಒರ್ಸಿ, ಮಾತಾಡೋದೇ ಬೇಡ. ಟೈಮಿಂಗ್ ನೋಡಬೇಕು, ಅಧ್ಯಕ್ಷರು ಆ ಕಡೆ ತಿರುಗಿದರು, ಒರೆಸಿದಳು, ನೋಡಿದೆಯಾ, ನನ್ನಂಥ ಕಲಾವಿದೆಯಿಂದ ತಪ್ಪಿಸಿಕೊಳ್ಳುತ್ತದೆಯೇ, ನಾನು ಅಂತರಕಾಲೇಜು ಮಿಮಿಕ್ರಿಯಲ್ಲಿ ಮೊದಲು ಬಂದವಳು, ನಟನೆಯ ಲೆಕ್ಕ ನನಗೆ ಗೊತ್ತು — ಯಾರನ್ನು ಮಾಡಿ ಮೊದಲು ಬಂದೆ, ಹೇಳಲೇ, ಇವರನ್ನೇ. ಈ ವಾಲಿದ ತಲೆಯನ್ನು. ಬಸ್ ಕಂಡಕ್ಟರು, ನಮ್ಮ ಕಾಲೇಜು ಬಸ್ಸಿನ ರೈಟ್‌ಮಾಮ, ಮುಂದೆ ಹೋಗಿ ಮುಂದೆ ಹೋಗಿ, ಒಳಗೆ ಛತ್ರದಷ್ಟು ಜಾಗ ಇದೆ, ನಿಂತೋರು ಕೂತೋರ ಅದೃಷ್ಟ ನೋಡ್ಕೊಂಡು ಹೋಗಿ, ಬಾಗಿಲಲ್ಲಿ ನೇತಾಡೋ ಬಾವಲಿಗಳೆಲ್ಲ ಒಳಗೆ ಬನ್ನಿ, ರೈಏಏಟ್! — ಆ ರೈ ಹೊಟ್ಟೆಯಿಂದ ಎದ್ದು ಮೂಗಿನ ಸೇತುವೆ ದಾಟಿ ಹಿಂದಿನ ಗಾಜಿಗೆ ಬಡಿದು ವಾಪಸ್ಸು ಬರುತ್ತಿತ್ತು, ಅದನ್ನು ಹಿಡಿಯಲು ನನಗೆ ಒಂದು ಇಡೀ ಟರ್ಮು ಹಿಡಿಯಿತು, ಬಚ್ಚಲಲ್ಲಿ, ಮಹಡಿಯಲ್ಲಿ, ದಿಂಬಿನೊಳಗೆ, ಬೇರೆ ಯಾರದೂ ಅಷ್ಟು ಕಷ್ಟವಾಗಲಿಲ್ಲ. ಬಹುಮಾನ ಬಂದ ಮಾರನೇ ಬೆಳಿಗ್ಗೆ ಬಸ್ಸು ಹತ್ತಿದರೆ ಇಡೀ ಬಸ್ಸಿನ ಎದುರು ತಡೆದು ನಿಲ್ಲಿಸಿದರು, ಏನಮ್ಮಾ ನನ್ ಗಂಟಲು ಕದ್ದಿದೀಯಂತೆ? ನಾನು ಸತ್ತೇ ಹೋದೆ. ಇರ್ಲಿ ಇಟ್ಕೋ, ನಂಗೆ ಶೀತ ಆದಾಗ ನೀನೇ ಬಂದು ರೈಟ್ ಅನ್ಬೇಕು, ಆಯ್ತಾ. ಇಡೀ ಬಸ್ಸು ನಕ್ಕಿತು. ಇವತ್ತು ಬೆಳಿಗ್ಗೆ ಮೊಗಸಾಲೆಯಲ್ಲಿ ಅವರನ್ನು ಹಿಡಿದು ನಡೆಸಿಕೊಂಡು ಬರುವಾಗ ಗುಮಾಸ್ತ ಏನೋ ಕೇಳಿದ, ಅವರು ಉತ್ತರ ಕೊಟ್ಟರು, ಒಂದು ಅ, ಅಷ್ಟೆ, ಉದ್ದಕ್ಕೆ, ಅಕ್ಷರಮಾಲೆಯ ಬಾಗಿಲಲ್ಲೇ ಬಸ್ಸು ಕೆಟ್ಟು ನಿಂತ ಹಾಗೆ. ಹೆಂಡತಿ ಹೇಳಿದಳು, ನೀರು ಬೇಕಂತೆ. ಆ ಅ ಹಿಡಿಯಲು ನೋಡಿದೆ, ಅಭ್ಯಾಸಬಲ, ಬಾಯಿಯೊಳಗೆ ಎಲ್ಲಿ ಹುಟ್ಟುತ್ತದೆ ಎಂದು ಹುಡುಕಿದೆ, ಸಿಗಲಿಲ್ಲ. ಹಳೆಯದು ಮಾತ್ರ ಹಾಗೇ ಇದೆ, ಗಂಟಲ ತಳದಲ್ಲಿ, ಇಡೀ ರೈಟ್, ಒಂದು ಗೀರೂ ಇಲ್ಲದೆ. ಒರೆಸಿದಳು. ಈಗ ಅಧ್ಯಕ್ಷರು ನೋಡುತ್ತಿರಲಿಲ್ಲವಲ್ಲ. ಇರಲಿ, ಅಭ್ಯಾಸಕ್ಕೆ ಒಂದು ಹೆಚ್ಚು.

ಗಂಡನ ಸರದಿ, ಕೋಟಿನ ಗುಂಡಿ ಹಾಕಿಕೊಂಡು ಎದ್ದ, ಎರಡು ಗುಂಡಿಯ ನಡುವೆ ಹೊಟ್ಟೆ ತನ್ನದೇ ಸಾಕ್ಷಿ ಹೇಳಲು ಹೊರಗೆ ಇಣುಕಿತು, ನಮ್ಮದು ಫ್ಯಾಮಿಲಿ ಥರದ ಜಾಗ ಸಾರ್, ಗಿರಾಕಿಗಳು ಅಂದ್ರೆ ನೆಂಟರಿದ್ದ ಹಾಗೆ, ನನ್ನ ತಮ್ಮ ಹಗಲೂ ರಾತ್ರಿ ಕಣ್ಣಲ್ಲಿ ಕಣ್ಣಿಟ್ಟು — ಹೌದು, ಟೀವಿಯ ಕಣ್ಣಲ್ಲಿ — ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಕೂಗಿಲ್ಲ, ಮೈದುನ ಆಗಲೇ ಹೆಗಲು ಒರೆಸಿಕೊಳ್ಳುತ್ತಿದ್ದಾನೆ, ಫೋನು ಮಗುಚಿ ತೊಡೆಯ ಕೆಳಗೆ ಇಟ್ಟುಕೊಂಡಿದ್ದಾನೆ, ಅತ್ತಿಗೇ ಟೆನ್ಷನ್ ಮಾಡ್ಕೋಬೇಡಿ, ಮೂರು ಲೈನು ತಾನೇ, ನೀವು ನೂರು ಜನರ ಥರ ಮಾತಾಡೋರು. ಹೌದಪ್ಪಾ, ನೂರು ಜನರ ಥರ. ಅಂದರೆ, ಅಂದರೆ, ಚಹಾಕ್ಕೆ ಬಿಡುವು — ಪರಿಶೀಲನೆ ಆರಂಭವಾಗಿ ಇನ್ನೂ ಬೆವರೇ ಬಂದಿಲ್ಲ, ಎದ್ದೇ ಬಿಟ್ಟರು ಮೂವರೂ. ಮೊಗಸಾಲೆಯಲ್ಲಿ ಕಾಗದದ ಲೋಟ, ಬೆರಳು ಸುಡುವುದಕ್ಕೆ ಬಿಸಿ, ನಾಲಗೆಗೆ ತಣ್ಣಗೆ, ಹೇಗೆ ಮಾಡುತ್ತಾರೋ, ಗೋಡೆಯ ಮೇಲೆ ಉಗುಳಬೇಡಿ ಎಂದು ಬರೆದ ಬೋರ್ಡಿನ ಕೆಳಗೆ ನಮ್ಮ ವಕೀಲ ಬಿಸ್ಕತ್ತು ಅದ್ದುತ್ತಿದ್ದಾನೆ. ರೈಟ್‌ಮಾಮನ ಹೆಂಡತಿ ಬಂದಳು. ನೇರವಾಗಿ ನನ್ನ ಕಡೆಗೇ, ಕೈಯಲ್ಲಿ ಕಾಗದದ ಚೀಲ, ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ, ಶಾಪ ಹಾಕುತ್ತಾಳೆ, ಹಾಕಲಿ, ಯಾವ ಸ್ವರದಲ್ಲಿ ಹಾಕುತ್ತಾಳೆ ನೋಡೋಣ, ಆಮೇಲೆ ಬಳಸಬಹುದು. ನೀವಲ್ವಾ ಆ ಪಬ್ಬಿನ ಮೇಡಮ್ಮು ಅಂದಳು. ಹೂಂ ಅಂದೆ. ಇದು ನಿಮ್ದಂತಲ್ಲಮ್ಮ, ಇವ್ರ ತಲೆ ಕೆಳಗೆ ಇಟ್ಟಿದ್ರಂತಲ್ಲ, ಆಸ್ಪತ್ರೆಯೋರು ಬಟ್ಟೆ ಜೊತೆ ಕೊಟ್ರು. ಮೂರು ಸಲ ನೆನೆಹಾಕಿದೆ, ಕಲೆ ಪೂರ್ತಿ ಹೋಗಿಲ್ಲ, ತೋಳಲ್ಲಿ ಸ್ವಲ್ಪ ಉಳ್ಕೊಂಡಿದೆ, ಬೇಜಾರು ಮಾಡ್ಕೋಬೇಡಿ. ಚೀಲ ನನ್ನ ಕೈಯಲ್ಲಿ. ಇಸ್ತ್ರಿ ಮಾಡಿದ ಹಸಿರು, ಸಾಬೂನಿನ ವಾಸನೆ. ನಮ್ಮೋರು ಬೀಳೋವಾಗ ಯಾರಾದ್ರೂ ಮನುಷ್ಯರು ಅಂತ ಹತ್ರ ಇದ್ರಲ್ಲ, ನೀವು ಇದ್ರಲ್ಲ, ಅದೊಂದೇ ಸಮಾಧಾನ ನಂಗೆ. ಅವ್ರು ಅಲ್ಲಿ ಬರೀ ಸೋಡಾ ಕುಡಿತಿದ್ರು ಅನ್ನೋದು ನೀವು ಕಣ್ಣಾರೆ ನೋಡಿದೀರಿ, ಅಷ್ಟು ಹೇಳ್ಬಿಡಿ ಒಳಗೆ. ಮೂವತ್ತು ವರ್ಷ ಡ್ಯೂಟೀಲಿ ಒಂದಿನ ವಾಸನೆ ಬರ್ಲಿಲ್ಲ ಅವ್ರ ಬಾಯಲ್ಲಿ, ಈಗ ಕೇರೀಲೆಲ್ಲ ಕುಡುಕ ಬಿದ್ದ ಅಂತಾರೆ, ಅವ್ರಿಗೆ ಎಲ್ಲ ಕೇಳ್ಸತ್ತೆ, ಮಾತು ಒಂದೇ ಬರಲ್ಲ. ಬಾಯಿ ತೆರೆದೆ, ನೂರು ಜನರಲ್ಲಿ ಒಬ್ಬರೂ ಬರಲಿಲ್ಲ. ಆಕೆ ಹೋದಳು. ವಕೀಲ ಬಿಸ್ಕತ್ತಿನ ಬಾಯಲ್ಲೇ ಓಡಿ ಬಂದ, ಏನ್ರೀ ಮೇಡಮ್ಮೋರೇ, ಬಂಪರು! ನೀವು ಸ್ಥಳದಲ್ಲಿದ್ರಿ ಅಂತ ಎದುರು ಪಾರ್ಟೀನೇ ಹೇಳ್ತಿದೆ, ಇನ್ಯಾವ ಸಾಕ್ಷಿ ಬೇಕು, ಈಗ ನೀವು ಏನು ಹೇಳಿದ್ರೂ ನಂಬ್ತಾರೆ, ಆಕೆ ಕೂಡ ನಂಬ್ತಾಳೆ. ನಕ್ಕ, ಮೀಸೆಯ ಮೇಲೆ ಬಿಸ್ಕತ್ತಿನ ಪುಡಿ ನಡುಗಿತು. ಗಂಡ ಬಂದು ಚೀಲ ಇಣುಕಿ ನೋಡಿ ತಮ್ಮನಿಗೆ ಕಣ್ಣು ಹೊಡೆದ, ನೋಡೋ, ಮ್ಯಾನೇಜರು ಡ್ಯೂಟಿಗೆ ವಾಪಸ್ ಬಂದ್ರು. ಊಟದ ಮೇಜಿನ ಅದೇ ನಗು. ಎಂಥ ಸಂತತಿ ಇದು, ಇವರ ಬೆನ್ನೆಲುಬನ್ನು ತೆಗೆದು ಕುರ್ಚಿಗೆ ನೇತುಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ, ಇನ್ಸ್‌ಪೆಕ್ಟರು ಮಾತ್ರ ಹಾಜರು ಎಂದು ಒಪ್ಪುತ್ತಾನೆ. ನಾನು ಮುಖ ತಿರುಗಿಸಿದೆ, ಬಾಗಿಲಿನ ಗಾಜಿನ ತುಂಡು, ಅದರಾಚೆ ಖಾಲಿ ಸಭಾಂಗಣ, ಮೇಜಿನ ಹಿಂದೆ ಮೂರು ಖಾಲಿ ಕುರ್ಚಿ, ಮೊದಲ ಸಾಲಿನಲ್ಲಿ ಅವರಿಬ್ಬರೇ, ನೋಡುವವರು ಒಬ್ಬರೂ ಇಲ್ಲ, ಮೈಕೂ ಆರಿದೆ, ತುಟಿಯ ಬಲತುದಿ, ಆಕೆ ಒರೆಸುತ್ತಾಳೆ, ಕೈ ಮಡಿಲಿಗೆ. ಮತ್ತೆ ಒರೆಸುತ್ತಾಳೆ. ಅದೇ ವೇಗ. ಪ್ರೇಕ್ಷಕರಿದ್ದಾಗ ಇದ್ದ ಅದೇ ವೇಗ, ಒಂದು ಕೂದಲೆಳೆ ಹೆಚ್ಚಿಲ್ಲ ಕಮ್ಮಿಯಿಲ್ಲ. ನಾನು ಎಲ್ಲಿ ಲೆಕ್ಕ ತಪ್ಪಿದೆ.

ಟಕ್ ಟಕ್. ಪರವಾನಗಿದಾರರು, ಅಂದರೆ, ಶ್ರೀಮತಿಯವರು — ಎದ್ದೆ, ಚೀಲ ಕಂಕುಳಲ್ಲೇ ಉಳಿಯಿತು, ಮೈಕಿನ ಮುಂದೆ ನಿಲ್ಲುವುದು ಎಷ್ಟು ವರ್ಷದ ಮೇಲೆ, ಹಳದಿ ಕುಲಾವಿಗೆ ಯಾರ ಯಾರದೋ ಉಗುಳಿನ ಕಮಟು, ಅಂದರೆ, ಘಟನೆ ನಡೆದಾಗ ತಾವು ಖುದ್ದಾಗಿ ಸ್ಥಳದಲ್ಲಿ ಇದ್ದಿರಾ? ಇದ್ದೆ ಅನ್ನಬೇಕು, ಗಂಡನ ಧ್ವನಿಯಲ್ಲಿ ಹೇಳಲೇ, ಅಂಚೆಪೆಟ್ಟಿಗೆ ತುಟಿ ಮಾಡಿ, ವಕೀಲನದರಲ್ಲಿ ಹೇಳಲೇ ತುಪ್ಪ ಸವರಿ, ಮೈದುನನದರಲ್ಲಿ, ಮೇಡಮ್ಮು ಈಗ್ತಾನೇ ಎದ್ದು ಹೋದ್ರು ಸಾರ್, ಎಲ್ಲರೂ ಸಾಲಾಗಿ ನಿಂತಿದ್ದಾರೆ ಗಂಟಲಲ್ಲಿ, ಎಲ್ಲರಿಗೂ ಇದ್ದೆ ಎನ್ನಲು ಬರುತ್ತದೆ, ಮೂರೇ ವಾಕ್ಯ, ಬಾಗಿಲು ತೆರೆದಿರುತ್ತದೆ, ದೀಪ, ಕೌಂಟರು, ಸ್ವೆಟರು, ಬಾಗಿಲು, ಗಂಡ ಸಂಜೆ ಶಿಳ್ಳೆ ಹಾಕಿಕೊಂಡು ಹೊರಡುತ್ತಾನೆ, ಮುಂದೆ ಹೋಗಿ ಮುಂದೆ ಹೋಗಿ ಒಳಗೆ ಛತ್ರದಷ್ಟು — ಇರಲಿಲ್ಲ. ಯಾರದು ಆ ಧ್ವನಿ, ತೆಳ್ಳಗೆ, ಶ್ರುತಿಯಿಲ್ಲದ್ದು, ಬಹುಮಾನಕ್ಕೆ ಕಳಿಸಿದರೆ ಮೊದಲ ಸುತ್ತಿನಲ್ಲೇ ವಾಪಸ್ಸು ಕಳಿಸುವಂಥದ್ದು. ಮಾನ್ಯರೇ, ನನ್ನ ಕಕ್ಷಿದಾರರು ಗಾಬರಿಯಾಗಿದ್ದಾರೆ, ಹೆಣ್ಣುಮಗಳು — ಗಾಬರಿ ಇಲ್ಲ, ನಾನು ಇರಲಿಲ್ಲ. ಅಂದರೆ? ಅಂದರೆ ಇರಲಿಲ್ಲ, ಅವತ್ತೂ ಇರಲಿಲ್ಲ ಯಾವತ್ತೂ ಇರಲಿಲ್ಲ, ಇದಿತ್ತು, ನನ್ನ ಬದಲಿಗೆ ಇದನ್ನ ಕುರ್ಚಿಗೆ ಹಾಕ್ತಿದ್ರು — ಚೀಲದಿಂದ ಎಳೆದು ತೋರಿಸಿದೆ, ತೋಳು ಬಿಚ್ಚಿಕೊಂಡು ಇಳಿಬಿತ್ತು — ಆ ಕಡೆ ಹೋಗಬೇಡಿ ಅಂತ ಯಾರೂ ಅವರಿಗೆ ಹೇಳಲಿಲ್ಲ, ಮುಚ್ಚಳ ತೆಗೆದಿಟ್ಟು ನನ್ನ ಮೈದುನ ಟೀವಿ ನೋಡ್ತಿದ್ದ, ಅವರು ಕುಡಿದಿರಲಿಲ್ಲ, ಸೋಡಾ, ಅದನ್ನ ನನ್ನ ಗಂಡನೇ ನನಗೆ ಹೇಳಿದ್ದು, ತಲೆ ಕೆಳಗೆ ಇದನ್ನ ಇಟ್ಟಿದ್ದೂ ನಾನಲ್ಲ, ಆ ಟೈಲರು, ಅವರು ಹೇಳೋಕೆ ಬಂದ್ರು ನೀವು ಕೂರಿಸಿದ್ರಿ. ಷಟರು ಮೇಲಕ್ಕೆ ಹೋಯಿತು, ಅಧ್ಯಕ್ಷರಿಗೆ ಕಣ್ಣುಗಳಿವೆ, ಕಂದು ಬಣ್ಣ, ಮುತ್ತಿನ ಓಲೆಯವಳ ಪೆನ್ನು ಕಾಗದದ ಮೇಲೆ ಓಡುತ್ತಿದೆ, ಓಡಲಿ, ಹಿಂದೆ ಗಂಡ, ಮುಗೀತು, ಮನೆಹಾಳಿ, ಮುಗಿಸ್ಬಿಟ್ಯಲ್ಲೇ, ಮೈದುನನ ಫೋನು ನೆಲಕ್ಕೆ ಬಿದ್ದ ಸದ್ದು, ಅಣ್ಣಾ ಅತ್ತಿಗೆಗೆ ಏನಾಗಿದೆ, ಏನೂ ಆಗಿಲ್ಲಪ್ಪ, ಮದ್ಯಕ್ಕೂ ಮಧ್ಯಕ್ಕೂ ನಡುವೆ ಒಂದು ಮಹಾಪ್ರಾಣದ ಅಂತರ, ನಮ್ಮನೆಯಲ್ಲಿ ಎಲ್ಲರದೂ ಅಲ್ಪ — ಅಲ್ಪಪ್ರಾಣ — ಇಲ್ಲ, ಕುಂಟುತ್ತಿದೆ, ಇನ್ನೊಂದು, ಸಮಿತಿ, ಮಿತಿ, ಮತಿ, ಬರುತ್ತಿಲ್ಲ, ಬೀಗ ಹಾಕಲಿ, ಬೀಗ, ಭಾಗ, ಏನೋ ಒಂದು, ತಿರುಗಿ ನೋಡಬಾರದು, ತಿರುಗಿದೆ. ಮೊದಲ ಸಾಲು. ಅವರು ಎಂದಿನಂತೆ ವಾಲಿಕೊಂಡು, ಆಕೆ ನನ್ನನ್ನೇ ನೋಡುತ್ತಿದ್ದಾಳೆ, ಕುಡಿದಿರಲಿಲ್ಲ ಎನ್ನುವುದು ಆಕೆಗೆ ಮೊದಲೇ ಗೊತ್ತಿತ್ತು, ಈಗ ತಿಳಿದದ್ದು ಇನ್ನೊಂದು, ಹತ್ತಿರ ಯಾರೂ ಇರಲಿಲ್ಲ ಎನ್ನುವುದು, ಮಡಿಲಿನಿಂದ ಎದ್ದ ಕೈ ಅರ್ಧದಲ್ಲಿ ನಿಂತಿದೆ, ನೀಲಿ ಅಂಚಿನ ಕರವಸ್ತ್ರ, ಮೇಲಕ್ಕೂ ಹೋಗುವುದಿಲ್ಲ ಕೆಳಕ್ಕೂ ಇಳಿಯುವುದಿಲ್ಲ, ತುಟಿಯ ಬಲತುದಿಯಲ್ಲಿ ಎಳೆ ಇಳಿಯುತ್ತಿದೆ, ಕಿಟಕಿಯ ಬೆಳಕು ಅದಕ್ಕೆ ತಾಗಿದೆ, ಒರೆಸಮ್ಮಾ, ಇಳಿಯುತ್ತಿದೆ, ಒರೆಸು, ಅಂಗಿಯ ಕಾಲರಿಗೆ ತಾಗಿತು, ಕರವಸ್ತ್ರ ಅಲ್ಲೇ, ಗಾಳಿಯಲ್ಲಿ, ಅರ್ಧದಲ್ಲಿ, ಕರವಸ್ತ್ರ